ಹುಬ್ಬು ನೋಡಿ ಓದಿದ ಹುಡುಗ

ಬ್ಲಫ್ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ
ಮಕ್ಕಳಿಗೆ ಓದು ಕಲಿಸಿದೆ.
ಕಲಿಸಿದೆ ಎಂದೇ ಅಂದುಕೊಂಡಿದ್ದೆ.
ಆಚೆ ಜಲಸಂಧಿ; ಅದರ ಗಾಳಿಗೆ
ಕಿಟಕಿಯ ಗಾಜು ಹಲ್ಲು ಕಡಿಯುತ್ತಿತ್ತು ದಿನವಿಡೀ.

ಪದವನ್ನು ಒಡೆಯಬೇಡಿ, ಅಂದಿದ್ದರು ನಮಗೆ ತರಬೇತಿಯಲ್ಲಿ.
ಪದವೆಂದರೆ ಹಕ್ಕಿ; ರೆಕ್ಕೆ ಬೇರೆ ಕಾಲು ಬೇರೆ ಮಾಡಿದರೆ
ಉಳಿಯುವುದು ಪುಕ್ಕ.
ತಡವರಿಸಿದ ಮಗುವಿಗೆ ಹೀಗೆ ಹೇಳಿ:
ಚಿತ್ರ ನೋಡು ಮರಿ,
ಮೊದಲ ಅಕ್ಷರ ನೋಡು,
ಇಲ್ಲಿ ಏನಿದ್ದರೆ ಹೊಂದೀತು, ಊಹಿಸು.
ಆಗಲಿಲ್ಲವೇ, ದಾಟಿ ಮುಂದೆ ಹೋಗು.
ಹೇಳಿದೆ, ಸಾವಿರ ಸಲ,
ಹೊಸ್ತಿಲು ದಾಟಿದಷ್ಟು ಸಲೀಸಾಗಿ.

ಹೊರೊಮೊನ ನನ್ನ ತರಗತಿಯ ಊಹೆಯ ರಾಜ.
ಆರು ವರ್ಷ. ಮುಂದಿನ ಎರಡು ಹಲ್ಲಿಲ್ಲ.
ಪುಟದಲ್ಲಿ 'ಡಿಂಗಿ' ಎಂದಿತ್ತು, 'ಬೋಟ್' ಎಂದ.
ಅರ್ಥ ಕೆಡಲಿಲ್ಲವಲ್ಲ, ಸರಿ ಗುರುತು ಹಾಕಿದೆ.
'ಕ್ವಿಲ್ಟ್' ಎಂದಿತ್ತು, 'ಬ್ಲಾಂಕೆಟ್' ಎಂದ.
ಅದಕ್ಕೂ ಒಂದು ಸರಿ. ಚಳಿಗೆ ಎರಡೂ ಒಂದೇ ತಾನೆ.
ಗೊತ್ತಿಲ್ಲದ ಪದ ಬಂದರೆ
ಅವನ ಕಣ್ಣು ಅಕ್ಷರ ಬಿಟ್ಟು ಮೇಲೇರುತ್ತಿತ್ತು,
ಮೊದಲು ಚಿತ್ರಕ್ಕೆ, ಅಲ್ಲಿಂದ ನನ್ನ ಮುಖಕ್ಕೆ.
ಹುಬ್ಬು ಒಂದೆಳೆ ಮೇಲೆ ಹೋದರೆ ಸಾಕು,
ಪದ ಬದಲಿಸುತ್ತಿದ್ದ.
ಅವನು ಓದಿದ್ದು ನನ್ನನ್ನು.
ಬಹಳ ಚೆನ್ನಾಗಿ ಓದಿದ.

ಐದನೆಯ ವರ್ಷಕ್ಕೆ ಚಿತ್ರಗಳು
ಪುಸ್ತಕದಿಂದ ಗುಳೆ ಎದ್ದು ಹೋದವು.
ಹಿಂದಿನ ಬೆಂಚು. ಚೇಷ್ಟೆ. ಹೊಟ್ಟೆನೋವು.
ಚಿಕ್ಕ ಶಾಲೆ; ಆ ತರಗತಿಯೂ ನನ್ನದೇ.
'ಸೋಮಾರಿ' ಎಂದು ವರದಿಯಲ್ಲಿ ಬರೆದೆ,
ನೀಲಿ ಶಾಯಿಯಲ್ಲಿ, ದುಂಡಗೆ.

ಅದೇ ವರ್ಷ ಪ್ರವಾಸಕ್ಕೆ ಹೋದಾಗ
ಬಸ್ಸಿನ ಕಿಟಕಿಯಿಂದ ಅವನು ದಾರಿಯ ಫಲಕಗಳನ್ನೆಲ್ಲ
ಕೂಗಿ ಕೂಗಿ ಓದಿದ:
ವೈಹೋಪೈ. ಮತೌರ. ಅಪರಿಮ. ಒರೆಪುಕಿ.
ಯಾವ ಫಲಕದ ಮೇಲೂ ಚಿತ್ರವಿರಲಿಲ್ಲ.
ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ಅವನ ಅಜ್ಜಿ
ಚಾಕು ತಿರುವುತ್ತ ಕಲಿಸಿದ್ದಳಂತೆ, ಮಾವೊರಿಯಲ್ಲಿ,
ಹ ಹೆ ಹಿ ಹೊ ಹು,
ಕ ಕೆ ಕಿ ಕೊ ಕು,
ಚಿಪ್ಪಿಗೊಂದು ಸಾಲು.
'ಶ್!' ಎಂದಿದ್ದೆ. ತಲೆನೋವಿತ್ತು ನನಗೆ.

ಈಗ ಮಂಗಳವಾರ ಸಂಜೆ, ಸಮುದಾಯ ಭವನದಲ್ಲಿ
ದೊಡ್ಡವರ ಓದಿನ ತರಗತಿ.
ಕಲಿಸುವವಳು ಇಪ್ಪತ್ತಾರರ ಫಿಲಿಪಾ.
ನಾನು ಟೀ ಮಾಡುವವಳು.
ಹೊರೊಮೊನ ಬಂದ; ಗಡ್ಡ ಅರ್ಧ ನರೆತಿದೆ.
ಜೇಬಿನಿಂದ ತೆಗೆದಿಟ್ಟ, ಮಗಳ ಔಷಧಿಯ ಬಾಟಲಿ.
'ಗುಲಾಬಿ ಬಣ್ಣದ್ದು ಅಂತ ಗುರುತಿಟ್ಟುಕೊಳ್ತಿದ್ದೆ.
ಈ ಸಲ ಎರಡೂ ಗುಲಾಬಿ.'

ಮೊದಲ ಅಕ್ಷರ ನೋಡಿ 'ಅ...' ಎಂದ.
ಕಣ್ಣು ಬಾಟಲಿ ಬಿಟ್ಟು ಮೇಲೇರಿತು.
ಗೋಡೆಗೆ. ಗಡಿಯಾರಕ್ಕೆ.
ಆಮೇಲೆ, ಮೂವತ್ತು ವರ್ಷ ದಾಟಿ, ನನ್ನ ಹುಬ್ಬಿಗೆ.
ಕೆಟಲಿನತ್ತ ತಿರುಗಿ ನಿಂತೆ.
ನೀರು ಆಗಲೇ ಕುದಿದಿತ್ತು. ಮತ್ತೆ ಕುದಿಸಿದೆ.

ಫಿಲಿಪಾ ಬೆರಳಿಂದ ಪದ ಮುಚ್ಚಿ
ಚೂರು ಚೂರೇ ತೆರೆದಳು.
ಅ. ಮಾಕ್ಸ್. ಇ.
'ಈ ಸಿ ಅನ್ನೋದು ಮೋಸಗಾರ,' ಎಂದ ಅವನು,
'ಕ್ಯಾಟ್‌ನಲ್ಲಿ ಒಂದು ಹೇಳುತ್ತೆ, ಇಲ್ಲಿ ಇನ್ನೊಂದು.'
'ಎರಡು ನಾಲಿಗೆ ಅದಕ್ಕೆ,' ಎಂದಳು,
'ಮುಂದೆ ಯಾರು ಕೂತಿದ್ದಾರೆ ನೋಡಿ ಮಾತಾಡುತ್ತೆ.'
ಸಿಲ್.
ಲಿನ್.
ಬೆನ್ನ ಹಿಂದೆ ನನಗೆ ಕೇಳಿದ್ದು
ಚಾಕು ಸಂದು ಹುಡುಕುವ ಸದ್ದು, ಚಿಪ್ಪು ಬಾಯಿಬಿಡುವ ಸದ್ದು.
ಅಮಾಕ್ಸಿಸಿಲಿನ್.
ಮತ್ತೊಮ್ಮೆ ಅಂದ, ಗಟ್ಟಿಯಾಗಿ,
ಬಸ್ಸಿನ ಕಿಟಕಿಯ ದನಿಯಲ್ಲಿ.

'ಹಾಗಂದ್ರೆ ಏನು, ಮಿಸ್?'
ಕಿವಿಸೋರಿಕೆಗೆ ಕೊಡ್ತಾರೆ, ಎಂದೇನೋ ಅಂದೆ.
ಪದದ ಅರ್ಥ ನನಗೂ ಗೊತ್ತಿಲ್ಲ.
'ಸಕ್ಕರೆ ಎಷ್ಟು?' ಎಂದು ಕೇಳಿದೆ.
ಅವನಿಗೆ ಕೇಳಿಸಲಿಲ್ಲ.
ಎರಡನೆಯ ಬಾಟಲಿ ತೆಗೆದು, ಪದದ ಮೇಲೆ
ತನ್ನದೇ ಹೆಬ್ಬೆರಳು ಇಟ್ಟಿದ್ದ.